ನಿಂತ ಮೇಲೊಂದು ಹೆಜ್ಜೆ

ಅಂತ್ಯಕ್ರಿಯೆ, ಆಮೇಲಿನ ಕಾರ್ಯಗಳೆಲ್ಲ ಮುಗಿದು, ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಬಾಡಿಗೆ ಕುರ್ಚಿಯವನು ಬಂದ. ಬಿಳಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಕೂರಿಸಿ ಎಣಿಸಿದ. ಮತ್ತೆ ಎಣಿಸಿದ.

“ಅಕ್ಕಾ, ಒಂದು ಕಮ್ಮಿ ಇದೆ.”

ಅದರ ಮೇಲೆ ಅತ್ತೆ ಕೂತಿದ್ದರು, ಬಾಲ್ಕನಿಯಲ್ಲಿ, ಬೀದಿಗೆ ಬೆನ್ನು ಹಾಕಿಕೊಂಡು. ಅವರಿಗೆ ಕಿವಿ ಮಂದ. ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದೆ.

“ಮಗನೇ ಹೋದ, ಕುರ್ಚಿದೇನು,” ಎಂದು ಎದ್ದರು.

ಕುರ್ಚಿಯವನು ನಾಲಿಗೆ ಕಚ್ಚಿಕೊಂಡ. “ಕೂತ್ಕೊಳ್ಳಿ ಅಮ್ಮಾ, ಪರವಾಗಿಲ್ಲ. ಆಮೇಲೆ ಯಾವಾಗಾದ್ರೂ ಬರ್ತೀನಿ.”

“ನೀನು ಯಾವಾಗಾದ್ರೂ ಬರೋದೇ ಬೇಡಪ್ಪ. ಈಗ್ಲೇ ತಗೊಂಡು ಹೋಗು.”

ಅವನು ಒಂದು ಕಟ್ಟು ಹೊತ್ತು ಕೆಳಗಿಳಿದ. ಅಂದಿನಿಂದ ನಾನು ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಅಡುಗೆಮನೆಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದೆ. ಹೆಜ್ಜೆಗಳು ಮೆಟ್ಟಿಲು ಹತ್ತಿ, ಕಾರಿಡಾರಿನಲ್ಲಿ ನಡೆದು, ನಮ್ಮ ಬಾಗಿಲ ಮುಂದೆ ನಿಂತವು. ನಿಂತ ಮೇಲೆ ಇನ್ನೊಂದು ಹೆಜ್ಜೆ ಕೇಳಿಸಿತು. ಸಣ್ಣದು. ತಟ್.

ನನ್ನ ಗಂಡ ಹಾಗೆ ನಿಲ್ಲುತ್ತಿದ್ದ. ನಿಂತಾಯಿತು ಎಂದು ನಾವು ಅಂದುಕೊಂಡ ಮೇಲೆ, ಹಿಂದುಳಿದ ಎಡಗಾಲನ್ನು ಎತ್ತಿ ಬಲಗಾಲಿನ ಪಕ್ಕಕ್ಕೆ ತಂದಿಡುತ್ತಿದ್ದ, ಮರೆತ ಕೊಡೆಯನ್ನು ತಂದು ಮೂಲೆಗಿಟ್ಟ ಹಾಗೆ. ಮದುವೆಯಾದ ಹೊಸದರಲ್ಲಿ ನಾನು ಅದಕ್ಕೆ ಹಾಜರಿ ಎಂದು ಹೆಸರಿಟ್ಟಿದ್ದೆ. ಸಂಜೆ ಬಾಗಿಲ ಹೊರಗೆ ಆ ಸದ್ದು ಕೇಳಿದರೆ ಒಳಗಿನಿಂದಲೇ “ಹಾಜರಿ ಬಿತ್ತು” ಎನ್ನುತ್ತಿದ್ದೆ. ಅವನು ಬೆಲ್ ಒತ್ತಬೇಕಾದ ಪ್ರಮೇಯ ಬರುತ್ತಿರಲಿಲ್ಲ.

ಒದ್ದೆ ಕೈಯಲ್ಲೇ ಬಾಗಿಲಿಗೆ ಹೋದೆ. ಕುರ್ಚಿಯವನು ನಿಂತಿದ್ದ.

“ಈಗೇನು ಮಾಡಿದೆ?”

“ಏನೂ ಮುಟ್ಟಿಲ್ಲ ಅಕ್ಕಾ.”

“ಕಾಲಲ್ಲಿ. ನಿಂತ ಮೇಲೆ.”

“ಓ, ಅದಾ!” ಅವನ ಮುಖ ಅರಳಿತು. “ಪಿಚ್ಚರ್‌ದು. ಚಟ ಆಗ್ಬಿಟ್ಟಿದೆ. ಹೀರೋ ಹಂಗೇ ನಿಲ್ಲೋದು. ಕತ್ತಲಲ್ಲಿ ನಡ್ಕೊಂಡು ಬರ್ತಾನೆ, ನಿಲ್ತಾನೆ, ಥಿಯೇಟರಲ್ಲಿ ಒಬ್ರೂ ಉಸಿರಾಡಲ್ಲ. ಆಮೇಲೆ ತಟ್! ಅಷ್ಟೇ ಅಕ್ಕಾ, ವಿಲನ್ ಕಡೆಯೋರ ಚಡ್ಡಿ ಒದ್ದೆ. ಊರೆಲ್ಲ ಈಗ ಹಂಗೇ ನಿಲ್ಲೋದು. ನೀವು ನೋಡಿಲ್ವಾ?”

ಕೇಳಿದ ಮೇಲೆ ಅವನಿಗೆ ತಾನು ಯಾವ ಮನೆಯಲ್ಲಿ ನಿಂತಿದ್ದೇನೆಂದು ನೆನಪಾಯಿತು. ಉಳಿದ ಕುರ್ಚಿಗಳನ್ನು ಬೆಕ್ಕಿನ ಹಾಗೆ ಸದ್ದಿಲ್ಲದೆ ಸಾಗಿಸಿದ.

ನನ್ನ ಗಂಡನದು ಸಿನಿಮಾಕ್ಕೆ ಸದ್ದು ಮಾಡುವ ಕೆಲಸ. ಚಿತ್ರೀಕರಣದ ಜಾಗದಲ್ಲಿ ಗದ್ದಲವಿರುತ್ತದೆ; ಮಾತು ಬಿಟ್ಟು ಮಿಕ್ಕಿದ್ದು ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಆಮೇಲೆ ಮುಚ್ಚಿದ ಕೋಣೆಯಲ್ಲಿ, ಪರದೆ ನೋಡುತ್ತ, ಯಾರೋ ಒಬ್ಬ ಅದನ್ನೆಲ್ಲ ಮತ್ತೆ ಮಾಡಬೇಕು. ಹೀರೋ ನಡೆದರೆ ಅವನು ನಡೆಯುತ್ತಿದ್ದ. ಹೀರೋಯಿನ್ ಓಡಿದರೆ ಹೈಹೀಲ್ಸ್ ಹಾಕಿಕೊಂಡು ಓಡುತ್ತಿದ್ದ. ಪಕ್ಕೆಲುಬು ಮುರಿಯುವುದಕ್ಕೆ ಎಲೆಕೋಸು ಹಿಸುಕುತ್ತಿದ್ದ. ಹೊಡೆದಾಟದ ಸಿನಿಮಾ ಬಂತೆಂದರೆ ಮನೆಗೆ ಜಜ್ಜಿದ ಎಲೆಕೋಸು ಬರುತ್ತಿತ್ತು. ಚೆಲ್ಲುವುದೇಕೆಂದು ಅತ್ತೆ ಬೇಯಿಸುತ್ತಿದ್ದರು. “ಇವತ್ತು ಯಾರ ಪಕ್ಕೆಯೋ?” ಎಂದು ಕೇಳಿಯೇ ಬಡಿಸುತ್ತಿದ್ದರು.

ನಾನು ರಸಾಯನಶಾಸ್ತ್ರ ಓದಿದವಳು. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಹೊಡೆದಾಟದ ಸಿನಿಮಾ ನನಗೆ ತಲೆನೋವು ತರುತ್ತದೆ. ಅವನೂ ಬಾ ಎಂದು ಕರೆದವನಲ್ಲ. “ನಾನು ಮಾಡಿದ್ದು ಕೇಳಿಸ್ತು ಅಂದ್ರೆ ಕೆಲಸ ಕೆಟ್ಟಿದೆ ಅಂತ,” ಎನ್ನುತ್ತಿದ್ದ.

ಕುರ್ಚಿಯವನು ಹೇಳಿದ ಸಿನಿಮಾಕ್ಕೂ ಹೆಜ್ಜೆ ಹಾಕಿದ್ದು ಅವನೇ. ಅದು ಬಿಡುಗಡೆಯಾಗುವ ವಾರದಲ್ಲಿ, ಸ್ಟುಡಿಯೋದಿಂದ ಬರುವಾಗ, ರಸ್ತೆ ದಾಟುತ್ತಿದ್ದ. ವ್ಯಾನು ಗುದ್ದಿತು. ಪೊಲೀಸರು ಅವನ ಹೆಗಲಚೀಲ ತಂದುಕೊಟ್ಟರು. ಒಳಗೆ ಒಂದು ಜೊತೆ ಬೂಟು ಇತ್ತು. ಕಪ್ಪು ಚರ್ಮ, ಹಿಮ್ಮಡಿಗೆ ಕಬ್ಬಿಣದ ಪಟ್ಟಿ, ಹಳೆಯದು. ಅತ್ತೆ ಅದನ್ನು ಒರೆಸಿ ಬಾಗಿಲ ಹೊರಗಿನ ಚಪ್ಪಲಿ ಗೂಡಿನಲ್ಲಿ ಇಟ್ಟರು. ದಿನವೂ ಪಾಲಿಶ್ ಹಾಕುತ್ತಿದ್ದರು. “ಇಬ್ಬರು ಹೆಂಗಸರಿರೋ ಮನೆ. ಬಾಗಿಲಲ್ಲಿ ಗಂಡಸಿನ ಬೂಟು ಇರ್ಲಿ,” ಎಂದರು.

ಬೂಟು ಅವನದಲ್ಲವೆಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಅವನ ಕಾಲು ಸಣ್ಣದು. ಯಾರದೆಂದು ಗೊತ್ತಿರಲಿಲ್ಲ. ತಿಳಿಯುವ ಆತುರವೂ ಇರಲಿಲ್ಲ.

ಕುರ್ಚಿಯವನು ಬಂದ ಆ ದಿನ ಪ್ರಯೋಗಾಲಯದಲ್ಲಿ ನಾನು ಒಳಗೆ ಕಾಲಿಟ್ಟಾಗ ಸಹೋದ್ಯೋಗಿಗಳು ಏನೋ ಮಾತಾಡುತ್ತಿದ್ದವರು ನಿಲ್ಲಿಸಿದರು. “ಕ್ಲೈಮ್ಯಾಕ್ಸಲ್ಲಿ...” ಎಂಬುದು ಮಾತ್ರ ಕೇಳಿಸಿತು. ಪರೀಕ್ಷೆಗೆ ಬಂದ ನೀರಿಗೆ ವಾಸನೆ ಇದೆಯೇ ಎಂದು ಮೂಸಿ ನೋಡುವುದೂ ನನ್ನ ಕೆಲಸ. ಆ ದಿನ ಎಲ್ಲ ಬಾಟಲಿಗೂ ‘ಇಲ್ಲ’ ಎಂದು ಬರೆದೆ. ಮಧ್ಯಾಹ್ನ ಡಬ್ಬಿ ತೆರೆದಾಗ ಊಟಕ್ಕೂ ವಾಸನೆ ಇರಲಿಲ್ಲ. ಆಗ ಬಾಟಲಿಗಳನ್ನೆಲ್ಲ ಬೇರೆಯವರ ಕೈಲಿ ಮತ್ತೊಮ್ಮೆ ಮೂಸಿಸಿದೆ.

ಸ್ಟುಡಿಯೋದಲ್ಲಿ ಸದ್ದುಗಳನ್ನೆಲ್ಲ ಸೇರಿಸಿ ಹೊಂದಿಸುವ ಎಂಜಿನಿಯರಿಗೆ ಫೋನು ಮಾಡಿ ಆ ಹೆಜ್ಜೆಯ ಬಗ್ಗೆ ಕೇಳಿದೆ. ಅವರು ನನ್ನ ಗಂಡನಿಗಿಂತ ಹಿರಿಯರು.

“ಆ ಹೆಜ್ಜೆ ನಿಮ್ಮ ಕಿವಿಗೂ ಬಿತ್ತಾ?” ಎಂದರು. “ಅದು ತಪ್ಪಮ್ಮ. ಪರದೆ ಮೇಲೆ ಹೀರೋ ನಿಂತಿದ್ದಾನೆ, ಇವನ ಕಾಲು ಮಾತ್ರ ಇನ್ನೂ ಒಂದು ಹೆಜ್ಜೆ ಹಾಕಿದೆ. ಮಾರನೇ ದಿನ ಅವನೇ ಬಂದು, ‘ಸರ್, ನನ್ನ ಕಾಲು ಬಂದ್ಬಿಟ್ಟಿದೆ, ತೆಗೀರಿ’ ಅಂದ. ತೆಗೆದೆ. ಡೈರೆಕ್ಟರ್ ಕೇಳಿ, ‘ಆ ಹೆಜ್ಜೆ ಎಲ್ರೀ? ಅದರಲ್ಲೇ ಇರೋದು ಗಮ್ಮತ್ತು’ ಅಂತ ಕೂಗಾಡಿದ್ರು. ವಾಪಸ್ ಹಾಕ್ದೆ. ಹೀರೋ ಬರೋ ಕಡೆಯೆಲ್ಲ ಹಾಕ್ಸಿದ್ರು.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನಿಮ್ಮೆಜಮಾನ್ರಿಗೆ ಬಹಳ ಅವಮಾನ ಆಗಿತ್ತು,” ಎಂದು ನಕ್ಕರು. ನಗು ಅರ್ಧಕ್ಕೆ ನಿಂತಿತು. “ಆ ಬೂಟು ಮನೇಲಿದ್ಯಾ? ಹೊಸ ಬೂಟು ಕಿರ್ ಅನ್ನತ್ತೆ ಅಂತ ನಿಮ್ಮ ಬಿಲ್ಡಿಂಗಲ್ಲೇ ಯಾರ ಹತ್ರಾನೋ ಇಸ್ಕೊಂಡು ಬಂದಿದ್ದ. ಅವತ್ತು ವಾಪಸ್ ಕೊಡ್ಬೇಕು ಅಂತಲೇ ತಗೊಂಡು ಹೊರಟಿದ್ದು.”

ಕಟ್ಟಡದಲ್ಲಿ ಅಂಥ ಬೂಟು ಇಟ್ಟುಕೊಂಡಿರಬಹುದಾದವರು ಒಬ್ಬರೇ. ನೆಲಮಹಡಿಯ ಬೆಂಕಿ ಮಾಮ. ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಈಗ ಹವಾಯಿ ಚಪ್ಪಲಿಯಲ್ಲಿ ಸದ್ದಿಲ್ಲದೆ ಓಡಾಡುತ್ತಾರೆ. ಆ ಸಂಜೆ ಮೇಲೆ ಬಂದರು, ದಿನವೂ ಬರುತ್ತಿದ್ದ ಹಾಗೆ. ಹೊರಗೆ ಚಪ್ಪಲಿ ಬಿಡುವಾಗ ಬೂಟಿನ ಕಡೆ ನೋಡಿದರು, ದಿನವೂ ನೋಡುತ್ತಿದ್ದ ಹಾಗೆ.

ಮೈದುನನೂ ಬಂದಿದ್ದ. ಅವನು ಲಿಫ್ಟ್ ರಿಪೇರಿ ಮಾಡುತ್ತಾನೆ, ಬೇರೆ ಮನೆ. ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದ.

“ಅತ್ತಿಗೆ, ಒಂದು ಹೇಳ್ತೀನಿ. ಬೈಬಾರದು.”

“ಹೇಳು.”

“ನಾನು ಆ ಪಿಚ್ಚರ್ ನೋಡ್ದೆ. ಒಂದ್ಸಲ ಅಲ್ಲ.”

“ನಾವಿಲ್ಲಿ ಅಳ್ತಾ ಕೂತಿದ್ರೆ ನೀನು ಪಿಚ್ಚರಿಗೆ ಹೋಗಿದ್ಯಾ?” ಎಂದರು ಅತ್ತೆ. ಕಿವಿ ಮಂದವಾದರೂ ಇಂಥದ್ದು ಕೇಳಿಸುತ್ತದೆ.

“ಅಲ್ಲಮ್ಮ, ಆ ಹೆಜ್ಜೆ... ಅಣ್ಣ ಬಾಗಿಲಿಗೆ ಬಂದಂಗೇ ಇದೆ ಕಣಮ್ಮ! ಮೊದಲ್ನೇ ಸಲ ಕೇಳಿದಾಗ ನಾನು ಸೀಟಿಂದ ಎದ್ದು ನಿಂತ್ಬಿಟ್ಟೆ. ಹಿಂದಿನೋನು, ‘ಕೂತ್ಕೊಳ್ಳಯ್ಯ, ಅವನೇನು ನಿಮ್ಮಣ್ಣನಾ?’ ಅಂತ ರೇಗಿದ.”

ಬೆಂಕಿ ಮಾಮ ಕೆಮ್ಮಿದರು.

“ಅದರಲ್ಲಿ ಹೀರೋ ಉರಿಯೋ ಗೋಡೌನಿಂದ ನಿಧಾನಕ್ಕೆ ನಡ್ಕೊಂಡು ಬರ್ತಾನಂತಲ್ಲ, ಹಿಂದೆ ತಿರುಗಿನೂ ನೋಡದೆ?”

“ಹೌದು ಮಾಮ! ಸೂಪರ್ ಸೀನು.”

“ಸರ್ವೀಸಲ್ಲಿ ನಾನು ಒಂದ್ಸಲಾನೂ ಹಂಗೆ ಬರ್ಲಿಲ್ಲಪ್ಪ. ಪ್ರಾಣ ಬೇಕು ಅನ್ನೋನು ಓಡಿ ಬರ್ತಾನೆ.”

“ಓಡಿ ಬಂದ್ರೆ ಯಾರು ಮಾಮ ಟಿಕೆಟ್ ತಗೋತಾರೆ?”

ಬೆಂಕಿ ಮಾಮ ಹೊರಡುವಾಗ ನಾನು ಮೆಟ್ಟಿಲವರೆಗೆ ಹೋದೆ. “ಮಾಮ, ಆ ಬೂಟು ನಿಮ್ದಲ್ವಾ?”

“ಈಗ ಅದರ ಮಾತ್ಯಾಕಮ್ಮ.”

“ಬೇಕಾಗಿತ್ತಾ?”

ಅವರು ಮೆಟ್ಟಿಲ ಕಟಾಂಜನ ಹಿಡಿದು ನಿಂತು ಹೇಳಿದರು. ಅವರಿದ್ದ ಹಳೆಯ ಸ್ಟೇಷನ್ನಿನ ಕಟ್ಟಡವನ್ನು ಕೆಡವುತ್ತಾರಂತೆ. ಅದಕ್ಕೆ ಮುಂಚೆ, ಭಾನುವಾರ, ಅಲ್ಲಿ ಕೆಲಸ ಮಾಡಿದ ಮುದುಕರೆಲ್ಲ ಹಳೆಯ ಯೂನಿಫಾರ್ಮಿನಲ್ಲಿ ಸೇರಿ ಒಂದು ಫೋಟೋ ತೆಗೆಸಿಕೊಳ್ಳುತ್ತಾರಂತೆ.

“ನಾನು ಚಪ್ಪಲಿಲೇ ಹೋಗ್ತೀನಿ ಬಿಡು. ಹಿಂದಿನ ಸಾಲಲ್ಲಿ ನಿಂತ್ರೆ ಕಾಲು ಯಾರಿಗೆ ಕಾಣತ್ತೆ? ನಿಮ್ಮತ್ತೆ ದಿನಾ ಪಾಲಿಶ್ ಹಾಕೋದು ನೋಡ್ತೀನಿ. ಅದನ್ನ ಹೆಂಗಮ್ಮ ಕೇಳ್ಲಿ?”

ಕೊಡುತ್ತೇನೆ ಎಂದು ನಾನು ಹೇಳಲಿಲ್ಲ. ಕೊಡುವ ಮನಸ್ಸಿರಲಿಲ್ಲ. ಮನೆಯಲ್ಲಿ ಅವನ ಧ್ವನಿಯ ಒಂದು ತುಣುಕೂ ಇಲ್ಲ. ಮಳೆ, ಬೀಗ, ಬಕೆಟ್ಟು, ನಾಯಿ, ನನ್ನ ಬಳೆ, ಅತ್ತೆಯ ಗೊರಕೆ, ಎಲ್ಲವನ್ನೂ ಹಿಡಿದಿಟ್ಟಿದ್ದಾನೆ. ತನ್ನದೊಂದನ್ನು ಬಿಟ್ಟು. ಉಳಿದದ್ದು ಆ ಹೆಜ್ಜೆ. ಹೆಜ್ಜೆ ಹಾಕಿದ್ದು ಆ ಬೂಟು. ನನಗೆ ಲೆಕ್ಕ ಅಷ್ಟು ಸರಳವಾಗಿ ಕಂಡಿತ್ತು. ಅತ್ತೆಯ ಹೆಸರು ಹೇಳಿ ಇಟ್ಟುಕೊಳ್ಳುವುದೂ ಸುಲಭವಿತ್ತು.

ಒಳಗೆ ಬಂದಾಗ ಅತ್ತೆ ಮೈದುನನ ಮುಂದೆ ನಿಂತಿದ್ದರು.

“ಅಲ್ಲಿ ನನಗೆ ಕೇಳ್ಸತ್ತೇನೋ?”

“ಅಮ್ಮ, ಅಲ್ಲಿ ಕಲ್ಲಿಗೂ ಕೇಳ್ಸತ್ತೆ.”

“ಹಾಗಾದ್ರೆ ಕರ್ಕೊಂಡು ಹೋಗು.”

“ಜನ ಏನಂತಾರೆ?”

“ಜನಕ್ಕೆ ಏನು ಕೆಲಸ? ಅಂದ್ಕೊಳ್ಲಿ. ಹೇಗೂ ನನಗೆ ಕೇಳ್ಸಲ್ಲ.”

ಶನಿವಾರ ಮಧ್ಯಾಹ್ನದ ಆಟಕ್ಕೆ ಮೂವರೂ ಹೋದೆವು. ಮೈದುನ ಒಳಗೆ ಹೋಗುವ ಮುಂಚೆ, “ಅತ್ತಿಗೆ, ಇಂಟರ್ವಲ್‌ಗೆ ಎದ್ದು ಬಂದ್ಬಿಡೋಣ,” ಎಂದ. ಏಕೆಂದು ಕೇಳಿದ್ದಕ್ಕೆ, “ಆಮೇಲೆ ಅಷ್ಟು ಚೆನ್ನಾಗಿಲ್ಲ,” ಎಂದ.

ಜಾಗ ತುಂಬಿತ್ತು. ಹಿಂದಿನ ಸಾಲಿನಲ್ಲಿ ಆಗಲೇ ನೋಡಿದವರ ಗುಂಪೊಂದು ಇತ್ತು. ಮುಂದೆ ಬರುವ ಮಾತುಗಳನ್ನು ಪರದೆಗಿಂತ ಮೊದಲೇ ಹೇಳುತ್ತಿದ್ದರು. ಹೀರೋ ಕೆಲಸ ಬಿಟ್ಟ ಪೊಲೀಸು. ಮಗುವೊಂದನ್ನು ಕದ್ದೊಯ್ದಿದ್ದಾರೆ, ಅದನ್ನು ತರಬೇಕು. ಕತೆ ಇಷ್ಟೇ. ಬಹಳ ಹೊತ್ತು ಅವನನ್ನು ತೋರಿಸಲಿಲ್ಲ. ಕೆಟ್ಟವರು ಗೋಡೌನಿನಲ್ಲಿ ಕೂತು ನಗುತ್ತಿದ್ದರು.

“ಇವರಿಗೆಲ್ಲ ಮನೆ ಮಠ ಇಲ್ವೇನೇ?” ಎಂದು ಅತ್ತೆ ನನ್ನನ್ನು ಕೇಳಿದರು. ಎರಡು ಸಾಲಿನವರೆಗೆ ಕೇಳಿಸಿತು.

ದೀಪ ಆರಿತು. ಪರದೆಯೂ ಥಿಯೇಟರೂ ಒಂದೇ ಕತ್ತಲೆ. ದೂರದಲ್ಲಿ ಹೆಜ್ಜೆ ಶುರುವಾಯಿತು. ಹಿಂದಿನ ಗುಂಪು ತಾನೇ ಎಲ್ಲರಿಗೂ “ಶ್” ಎಂದಿತು. ಕಬ್ಬಿಣದ ಪಟ್ಟಿ ಸಿಮೆಂಟಿಗೆ ತಾಗುತ್ತ ಹತ್ತಿರ ಬಂತು. ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ ಬಂತು. ಅತ್ತೆ ಮುಂದಿನ ಸೀಟಿನ ಬೆನ್ನನ್ನು ಎರಡು ಕೈಯಿಂದ ಹಿಡಿದುಕೊಂಡಿದ್ದರು.

ಹೆಜ್ಜೆ ನಿಂತಿತು.

ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ನಾನು ಈಚೆಗೆ ಒಮ್ಮೆ ಮಾತ್ರ ನೋಡಿದ್ದೆ, ನಮ್ಮ ಮನೆಯಲ್ಲಿ.

ತಟ್.

“ಬಂದ,” ಎಂದರು ಅತ್ತೆ.

ಥಿಯೇಟರು ಹುಚ್ಚೆದ್ದು ಕೂಗಿತು. ಸಿಳ್ಳೆ ಹಾಕಿದರು, ಕಾಗದ ಎಸೆದರು, ಫೋನಿನ ದೀಪ ಬೀಸಿದರು. ನನ್ನ ಪಕ್ಕದ ನಡುವಯಸ್ಸಿನ ಹೆಂಗಸು, ಬ್ಯಾಂಕಿನವರೋ ಟೀಚರೋ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು. ಆಮೇಲೆ ನನ್ನ ಕಡೆ ನೋಡಿ ನಾಚಿಕೊಂಡರು. ಪರದೆಯ ಮೇಲೆ ಬೆಳಕು ಬಂದು ಹೀರೋನ ಮುಖ ಕಂಡಿತು. ನಾನು ಅವನ ಕಾಲನ್ನೇ ನೋಡುತ್ತಿದ್ದೆ. ಕಾಲು ಅಲುಗಿರಲಿಲ್ಲ. ಅಲುಗದ ಕಾಲಿನ ಸದ್ದಿಗೆ ಅಷ್ಟು ಜನ ಎದ್ದು ನಿಂತಿದ್ದರು.

ಮೈದುನ ಮುಖ ಒರೆಸಿಕೊಂಡ. ನಾನು ಅಳಲಿಲ್ಲ. ಅಳು ಬರುತ್ತದೆಂದು ಕರವಸ್ತ್ರ ತಂದಿದ್ದೆ. ಅದು ಮಡಚಿದಂತೆಯೇ ಇತ್ತು.

ಇಂಟರ್ವಲ್‌ಗೆ ಅತ್ತೆ ಏಳಲಿಲ್ಲ. “ಇನ್ನೂ ಬರ್ತಾನಲ್ಲ,” ಎಂದರು. ಮೈದುನ ನನ್ನ ಕಡೆ ನೋಡಿದ. ನಾನೂ ಏಳಲಿಲ್ಲ.

ಎರಡನೆಯ ಅರ್ಧದಲ್ಲಿ ಹೀರೋಗೆ ವ್ಯಾನು ಗುದ್ದಿತು.

ಅದು ಬರುವ ಮುಂಚೆಯೇ ಮೈದುನ ನನ್ನ ಮಣಿಕಟ್ಟು ಹಿಡಿದಿದ್ದ. ಮೊದಲು ಬ್ರೇಕು, ಆಮೇಲೆ ಒಂದು ಭಾರವಾದ, ಮೆತ್ತನೆಯ ಸದ್ದು. ಆ ಸದ್ದು ನನಗೆ ಪರಿಚಯವಿತ್ತು. ನಮ್ಮ ಹಳೆಯ ಹತ್ತಿಯ ಹಾಸಿಗೆ. ಸ್ಟುಡಿಯೋಗೆ ಬೇಕೆಂದು ಸುತ್ತಿ ಒಯ್ದಿದ್ದ. ನೀರಲ್ಲಿ ನೆನೆಸಿ ಮೇಜಿನ ಮೇಲಿಂದ ನೆಲಕ್ಕೆ ಕೆಡವುತ್ತಾರೆಂದು ಹೇಳಿದ್ದ. ಎಷ್ಟು ಬಾರಿ ಕೆಡವಿದರೂ ಮನುಷ್ಯ ಬಿದ್ದ ಹಾಗೆ ಕೇಳುವುದಿಲ್ಲ ಎಂದು ಗೊಣಗಿದ್ದ. ಈಗ ಕೇಳುತ್ತಿತ್ತು.

ಹೀರೋ ರಸ್ತೆಯಲ್ಲಿ ಬಿದ್ದಿದ್ದ. ಥಿಯೇಟರು ಮತ್ತೆ ಸುಮ್ಮನಾಯಿತು. ಹಿಂದಿನ ಗುಂಪು ಕೂಡ. ಅವರಿಗೆ ಅವನು ಏಳುತ್ತಾನೆಂದು ಗೊತ್ತಿತ್ತು, ನನಗೂ ಗೊತ್ತಿತ್ತು, ಟಿಕೆಟ್ ಹರಿದುಕೊಟ್ಟವನಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೆದರುವ ಧೈರ್ಯ ಬಂದಿತ್ತು. ಹೊರಗೆ, ರಸ್ತೆಯಲ್ಲಿ, ನಾವು ಹೀಗೆ ಹೆದರುವುದಿಲ್ಲ. ಅಲ್ಲಿ ಹಾಲು ತರುವುದಿರುತ್ತದೆ, ಬಸ್ಸು ಹಿಡಿಯುವುದಿರುತ್ತದೆ.

ಬೆರಳು ಅಲುಗಿತು. ಎದ್ದ. ಬೂಟು ರಸ್ತೆಯ ಮೇಲೆ ಗೀಚಿಕೊಂಡು ನಿಂತಿತು. ತಟ್. ಸಿಳ್ಳೆ. ಪಕ್ಕದ ಹೆಂಗಸು ಈ ಸಲ ನಾಚಿಕೊಳ್ಳಲಿಲ್ಲ.

ನಾನು ಕಾಯುತ್ತಿದ್ದೆ. ಎದ್ದು ನಿಂತ ಹೀರೋನ ಮೇಲೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಇನ್ನೊಮ್ಮೆ ಬಿದ್ದು ಇನ್ನೊಮ್ಮೆ ಎದ್ದರೆ ಚೆನ್ನಾಗಿತ್ತು ಎನ್ನಿಸಿತು. ಮೈದುನ ಏಕೆ ಮತ್ತೆ ಮತ್ತೆ ಹೋದನೆಂದು ಗೊತ್ತಾಯಿತು. ಅವನ ಕೈಯನ್ನು ಮಣಿಕಟ್ಟಿನಿಂದ ಬಿಡಿಸಿ ನನ್ನ ಕೈಯಲ್ಲಿ ಇಟ್ಟುಕೊಂಡೆ. ಗ್ರೀಸಿನ ವಾಸನೆ ಬರುತ್ತಿತ್ತು. ಬರುತ್ತಿದೆ ಎಂದು ಗಮನಿಸಿದೆ.

ಕೊನೆಯಲ್ಲಿ ಹೀರೋ ಮಗುವನ್ನು ಅದರ ತಾಯಿಗೆ ಕೊಡಲು ಹೋಗುತ್ತಾನೆ. ಸಮುದ್ರದ ದಂಡೆ, ಬರಿಗಾಲು. ಮರಳಿನಲ್ಲಿ ನಡೆದು, ಅವಳ ಮುಂದೆ ನಿಂತ. ನಿಂತ ಮೇಲೆ, ಬೂಟಿಲ್ಲದೆಯೂ, ಆ ಇನ್ನೊಂದು ಹೆಜ್ಜೆ ಬಂತು. ಮರಳಾದ್ದರಿಂದ ತಟ್ ಎನ್ನಲಿಲ್ಲ. ‘ಸರಕ್’ ಎಂದಷ್ಟೇ ಕೇಳಿಸಿತು. ಜನ ಆಗಲೇ ಏಳುತ್ತಿದ್ದರು, ಚಪ್ಪಲಿ ಹುಡುಕುತ್ತಿದ್ದರು. ಇದಕ್ಕೆ ಯಾರೂ ಸಿಳ್ಳೆ ಹಾಕಲಿಲ್ಲ. ಮನೆಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನನ್ನ ಗಂಡ ನಿಲ್ಲುತ್ತಿದ್ದದ್ದು ಹಾಗೆಯೇ. ಹಾಗಾದರೆ ಅದು ಬೂಟಿನದಲ್ಲ ಎಂದುಕೊಂಡೆ.

ಮನೆಗೆ ಬಂದು ಅತ್ತೆ ಕಾಲು ತೊಳೆದು, ಬೂಟನ್ನೂ ಪಾಲಿಶ್ ಡಬ್ಬಿಯನ್ನೂ ತಂದು ನೆಲದ ಮೇಲೆ ಕೂತರು. ನಾನು ಎದುರಿಗೆ ಕೂತು ಗಟ್ಟಿಯಾಗಿ ಹೇಳಿದೆ.

“ಅತ್ತೆ, ಈ ಬೂಟು ಅವರದಲ್ಲ. ಬೆಂಕಿ ಮಾಮಂದು. ನಿಮ್ಮ ಮಗ ಕೆಲಸಕ್ಕೆ ಅಂತ ಇಸ್ಕೊಂಡಿದ್ರು.”

“ಯಾಕೆ ಕಿರುಚ್ತೀಯ? ಗೊತ್ತು.”

“ಗೊತ್ತಾ?”

“ಹೆತ್ತೋಳಿಗೆ ಮಗನ ಕಾಲಿನ ಅಳತೆ ಗೊತ್ತಿರಲ್ವೇನೇ? ಇದರೊಳಗೆ ಅವನ ಎರಡು ಕಾಲೂ ಹೋಗತ್ತೆ.”

“ಮತ್ತೆ ದಿನಾ ಪಾಲಿಶ್...”

“ನೀನು ಕೆಲಸದಿಂದ ಬಂದು ಬಾಗಿಲು ತೆಗೆಯೋ ಮುಂಚೆ ಅದರ ಕಡೆ ನೋಡ್ತಾ ನಿಲ್ತಿದ್ದೆಯಲ್ಲ. ನಿನಗೆ ಬೇಕೇನೋ ಅಂತ ಸುಮ್ನಿದ್ದೆ.”

“ನಾನು ನಿಮಗೆ ಬೇಕು ಅಂದ್ಕೊಂಡೆ.”

“ಚೆನ್ನಾಗಿದೆ! ಇಬ್ಬರೂ ಸೇರಿ ಆ ಮುದುಕನ ಬೂಟು ನುಂಗಿ ಹಾಕ್ತಿದ್ವಲ್ಲೇ.” ಅವರ ಭುಜ ಅಲುಗಿತು. ನಗುತ್ತಿದ್ದರು. ಆಮೇಲೆ ನಗುತ್ತಿರಲಿಲ್ಲ. ಬ್ರಶ್ಶನ್ನು ನನ್ನ ಕೈಗೆ ಕೊಟ್ಟು, “ಆ ಹಿಮ್ಮಡಿ ನೀನು ಉಜ್ಜು. ನನಗೆ ಕಾಣಿಸ್ತಿಲ್ಲ,” ಎಂದರು.

“ಬಾಗಿಲಲ್ಲಿ ಗಂಡಸಿನ ಬೂಟು ಇರ್ಲಿ ಅಂದಿದ್ರಲ್ಲ?”

“ಕಳ್ಳ ಬಂದ್ರೆ ನಾನೇ ಮಾತಾಡಿಸ್ತೀನಿ. ಓಡಿಹೋಗ್ತಾನೆ.”

ಭಾನುವಾರ ಬೆಳಿಗ್ಗೆ ಬೂಟು ಹಿಡಿದು ಕೆಳಗಿಳಿದೆ. ಬೆಂಕಿ ಮಾಮ ಯೂನಿಫಾರ್ಮು ಹಾಕಿಕೊಂಡು ಸಿದ್ಧವಾಗಿದ್ದರು. ಹೊಟ್ಟೆಯ ಮೇಲೆ ಗುಂಡಿಗಳು ಬಿಗಿದಿದ್ದವು. ಕಾಲಿಗೆ ಹವಾಯಿ ಚಪ್ಪಲಿ.

“ಅವರು ಅವತ್ತೇ ಕೊಡೋಕೆ ತರ್ತಿದ್ರು ಮಾಮ. ತಡ ಆಯ್ತು.”

ಅವರು ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತು ಬೂಟಿಗೆ ಕಾಲು ಹಾಕಿದರು. ಪೂರ್ತಿ ಹೋಗಲಿಲ್ಲ. ಒಳಗೆ ಕೈಹಾಕಿ ಬಟ್ಟೆಯ ಉಂಡೆಯೊಂದನ್ನು ಎಳೆದರು. ಇನ್ನೊಂದರಿಂದ ಇನ್ನೊಂದು. ನನ್ನ ಹಳೆಯ ನೀಲಿ ದುಪಟ್ಟಾ, ಎರಡು ತುಂಡಾಗಿ. ದೊಡ್ಡ ಬೂಟು ಕಾಲಲ್ಲಿ ನಿಲ್ಲಲೆಂದು ಬೆರಳಿನ ಕಡೆಗೆ ತುರುಕಿಕೊಂಡಿದ್ದ. ಅದು ಎಲ್ಲಿ ಹೋಯಿತೆಂದು ನಾನು ಒಂದು ದಿನ ಕಪಾಟನ್ನೆಲ್ಲ ಹುಡುಕಿದ್ದೆ. ಅವನೂ ನನ್ನ ಜೊತೆ ಹುಡುಕಿದ್ದ.

“ಇದು ನಿಮ್ಮನೇದು,” ಎಂದು ಬೆಂಕಿ ಮಾಮ ಕೊಟ್ಟರು. ತೆಗೆದುಕೊಂಡೆ.

ಲೇಸು ಕಟ್ಟಿ ಎದ್ದರು. ಕಾರಿಡಾರಿನ ಕೊನೆಯವರೆಗೆ ನಡೆದು, ತಿರುಗಿ ಬಂದರು. ಕಬ್ಬಿಣದ ಪಟ್ಟಿ ಸಿಮೆಂಟಿಗೆ ತಾಗುತ್ತ ಹತ್ತಿರ ಬಂತು. ನನ್ನ ಮುಂದೆ ನಿಂತಿತು.

ನಾನು ಸ್ವಲ್ಪ ಹೊತ್ತು ಕಾದೆ. ಅವರೂ ಹಾಗೆಯೇ ನಿಂತಿದ್ದರು, ಎರಡು ಕಾಲೂ ಊರಿ.

“ಸರಿಯಾಗಿದೆ,” ಎಂದರು.

“ಸರಿಯಾಗಿದೆ ಮಾಮ,” ಎಂದೆ.